ರೆಕಾರ್ಡಿನ ಹಿಂಬದಿಯ ಹಾಡು

ಅಮೆರಿಕದ ನಮ್ಮೂರಿನ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ನಾನು ಸಭಾಂಗಣದ ಕೊನೆಯಲ್ಲಿ, ಸೌಂಡ್ ಮೇಜಿನ ಹಿಂದೆ ಕೂರುತ್ತಿದ್ದೆ. ಮಕ್ಕಳ ನೃತ್ಯದ ಹಾಡುಗಳನ್ನು ಲ್ಯಾಪ್‌ಟಾಪಿನಿಂದ ಸರದಿಯಂತೆ ಹಾಕುವುದು ನನ್ನ ಕೆಲಸ. ಹೆಚ್ಚು ಮಾತಾಡಬೇಕಿಲ್ಲವೆಂದು ನಾನೇ ಕೇಳಿ ಪಡೆದದ್ದು. ಪಕ್ಕದಲ್ಲಿ ಮೈಕುಗಳನ್ನು ನೋಡಿಕೊಳ್ಳುತ್ತಿದ್ದವರು ಸಭಾಂಗಣ ಬಾಡಿಗೆಗೆ ಕೊಡುವವರು ಕಳಿಸುತ್ತಿದ್ದ ಒಬ್ಬ ಅಮೆರಿಕನ್ ಹಿರಿಯರು. ಅವರಿಗೂ ಮಾತು ಕಡಿಮೆ. ಹಬ್ಬದಿಂದ ಹಬ್ಬಕ್ಕೆ ಹಾಗೆ ಅಕ್ಕಪಕ್ಕ ಕೂತೇ ನಮ್ಮ ಪರಿಚಯ ಬೆಳೆಯಿತು.

ಕೋವಿಡ್ ಕಳೆದ ಮೇಲಿನ ಒಂದು ಯುಗಾದಿಗೆ ಯಾರದೋ ಆಫೀಸಿನ ಹಿರಿಯ ಸಹೋದ್ಯೋಗಿ ಅತಿಥಿಯಾಗಿ ಬಂದಿದ್ದರು. ನಮ್ಮ ಮೇಜಿನ ಮುಂದೆ ನಿಂತು, "ನೀವು ಆ ಬ್ಯಾಂಡಿನವರಲ್ಲವೇ?" ಎಂದು ಕೇಳಿ, ಒಂದು ರಾಗವನ್ನು ಗುನುಗಿಯೇಬಿಟ್ಟರು. ಇವರು ನಕ್ಕು ತಲೆಯಾಡಿಸಿದರು. ಅತಿಥಿ ಹೋದ ಮೇಲೆ ನನಗೆ ವಿಷಯ ತಿಳಿಯಿತು. ಅರವತ್ತರ ದಶಕದಲ್ಲಿ ಉತ್ತರ ಕ್ಯಾರೊಲೈನಾದ ಬಟ್ಟೆ ಗಿರಣಿಗಳ ಊರೊಂದರಿಂದ ಹೊರಟ ಅವರ ಬ್ಯಾಂಡಿನ ಹಾಡೊಂದು ದೇಶದ ಜನಪ್ರಿಯ ಹಾಡುಗಳ ಪಟ್ಟಿಯನ್ನು ಸೇರಿತ್ತು. ಒಂದು ಬೇಸಿಗೆ ಅಟ್ಲಾಂಟಾದಿಂದ ವಾಷಿಂಗ್ಟನ್ನಿನವರೆಗೆ ರೇಡಿಯೊಗಳಲ್ಲಿ ಅದೇ ಹಾಡು. ಪಟ್ಟಿಯ ನಡುವಿನ ತನಕ ಏರಿ, ಶಾಲೆಗಳು ಮತ್ತೆ ತೆರೆಯುವ ಹೊತ್ತಿಗೆ ಕಾಣೆಯಾಯಿತು. ಬ್ಯಾಂಡು ಕೂಡ ಹೆಚ್ಚು ದಿನ ಉಳಿಯಲಿಲ್ಲ.

"ಅದು ಕಂಪನಿಯವರು ಕೊಟ್ಟ ಹಾಡು," ಎಂದರು. "ನಾನು ಬರೆದದ್ದು ರೆಕಾರ್ಡಿನ ಹಿಂಬದಿಯಲ್ಲಿತ್ತು. ಯಾರೂ ಮಗುಚಿ ಹಾಕಲಿಲ್ಲ." ಮುಂದೆ ಎಲ್ಲೇ ವೇದಿಕೆ ಹತ್ತಿದರೂ ಜನ ಕೇಳಿದ್ದು ಆ ಪ್ರಸಿದ್ಧ ಹಾಡನ್ನೇ. ಕೊನೆಗೆ ತಮ್ಮದನ್ನು ಹಾಡುವುದನ್ನೇ ಬಿಟ್ಟಿದ್ದರು.

ಆ ವರ್ಷದ ದೀಪಾವಳಿ-ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಬಂದಾಗ ಅವರ ದನಿ ಒಡೆದಿತ್ತು. ಮುಂದಿನ ವಾರ ಗಂಟಲಿನ ಆಪರೇಷನ್. ಆಮೇಲೆ ಹಾಡಲು ಆದೀತೆಂದು ಡಾಕ್ಟರು ಭರವಸೆ ಕೊಟ್ಟಿರಲಿಲ್ಲ. "ನನ್ನ ಆ ಹಾಡನ್ನೊಮ್ಮೆ ಜನರೆದುರು ಹಾಡಿಬಿಡಬೇಕಿತ್ತು," ಎಂದು ಕೇಬಲ್ ಸುತ್ತುತ್ತ ಹೇಳಿದರು.

"ಇಲ್ಲೇ ಹಾಡಿ. ಇಲ್ಲಿರುವವರಿಗೆ ನಿಮ್ಮ ಆ ಪ್ರಸಿದ್ಧ ಹಾಡು ಗೊತ್ತೇ ಇಲ್ಲ."

"ಇಷ್ಟು ವರ್ಷಗಳಲ್ಲಿ ಇಂಥ ಒಳ್ಳೆಯ ಸುದ್ದಿಯನ್ನು ಯಾರೂ ಹೇಳಿರಲಿಲ್ಲ," ಎಂದು ನಕ್ಕರು.

ನಾನು ಎದ್ದು ಹೋಗಿ ಸಮಿತಿಯ ಅಧ್ಯಕ್ಷರನ್ನು ಹುಡುಕಿದೆ. "ಅಂಕಲ್, ನಮ್ಮ ಸೌಂಡ್ ನೋಡ್ಕೊಳ್ತಾರಲ್ಲ, ಅವರಿಗೆ ಐದು ನಿಮಿಷ ಕೊಡ್ತೀರಾ? ಒಂದು ಹಾಡು ಹಾಡ್ತಾರೆ."

"ಏನಮ್ಮ, ಆಗ್ಲೇ ಪ್ರೋಗ್ರಾಮ್ ಲೇಟಾಗಿದೆ. ಅಲ್ಲಿ ಬಿಸಿಬೇಳೆಬಾತ್ ತಣ್ಣಗಾಗ್ತಿದೆ. ಕನ್ನಡ ಹಾಡಾ?"

"ಅಲ್ಲ ಅಂಕಲ್, ಇಂಗ್ಲಿಷು."

"ರಾಜ್ಯೋತ್ಸವದ ಬ್ಯಾನರ್ ಕೆಳಗೆ ಇಂಗ್ಲಿಷ್ ಹಾಡಿಸಿದ್ರೆ ನನ್ನ ಸುಮ್ನೆ ಬಿಡ್ತಾರಾ?"

ಒತ್ತಾಯಿಸುವುದು ನನಗೆ ಬರುವುದಿಲ್ಲ. ಆಪರೇಷನ್ನಿನ ವಿಷಯವನ್ನಷ್ಟೇ ಹೇಳಿದೆ. ಸೌಟು ಹಿಡಿದು ಊಟದ ಮೇಜಿನ ಹತ್ತಿರವಿದ್ದ ಅಧ್ಯಕ್ಷರ ಹೆಂಡತಿ ಕೇಳಿಸಿಕೊಂಡಿದ್ದರು. "ಅಲ್ಲಾರೀ, ಸ್ಪಾನ್ಸರ್ ಬಂದು ಅಷ್ಟು ಹೊತ್ತು ಮನೆ ಸಾಲ, ಮಾರ್ಟ್‌ಗೇಜ್ ಅಂತ ಕೊರೆದಾಗ ಬಾತ್ ನೆನಪಾಗಲಿಲ್ವಾ? ಹಾಡ್ಲಿ ಬಿಡಿ. ನಾನು ಬಿಸಿ ಮಾಡ್ಕೋತೀನಿ."

ಕಾಲೇಜು ಹುಡುಗಿಯೊಬ್ಬಳಿಂದ ಗಿಟಾರ್ ಎರವಲು ಪಡೆದು ಹಿರಿಯರು ವೇದಿಕೆ ಹತ್ತಿದರು. ಗಿರಣಿಯ ಗೇಟಿನ ಹೊರಗೆ ನಿಂತು, ಪಾಳಿ ಮುಗಿಸಿ ಬರುವ ಅಮ್ಮನಿಗಾಗಿ ಕಾಯುವ ಹಾಡು. ಹೊರಗೆ ಬಂದವರೆಲ್ಲರ ಕೂದಲಿನ ಮೇಲೂ ಹತ್ತಿಯ ನಾರು. ಅವರಲ್ಲಿ ಅಮ್ಮ ಯಾರು? ದನಿ ಎರಡು ಕಡೆ ಬಿರುಕು ಬಿಟ್ಟಿತು. ಊಟದ ಸಾಲಿಗೆ ಎದ್ದಿದ್ದವರು ನಿಂತಲ್ಲೇ ನಿಂತರು.

ಚಪ್ಪಾಳೆಯ ನಡುವೆ ಮುಂದಿನ ಸಾಲಿನಿಂದ, ಮಗಳ ಮನೆಗೆಂದು ಮೈಸೂರಿನಿಂದ ಬಂದಿದ್ದ ಅಜ್ಜರೊಬ್ಬರು ಕಂಪನಿ ನಾಟಕ ನೋಡುತ್ತಿದ್ದಾರೇನೋ ಎಂಬಂತೆ ಎದ್ದು ನಿಂತು ಗಟ್ಟಿಯಾಗಿ, "ಒನ್ಸ್ ಮೋರ್" ಎಂದರು. ಇನ್ನೂ ನಾಲ್ಕಾರು ದನಿಗಳು ಸೇರಿದವು.

ವೇದಿಕೆಯ ಮೇಲೆ ಅವರ ಮುಖ ಬದಲಾಯಿತು. ಈ ಬೇಡಿಕೆ ಬಂದೇ ಬರುತ್ತದೆಂದು ತಿಳಿದಿದ್ದವರಂತೆ ತಲೆಯಾಡಿಸಿ, ಗಿಟಾರಿನ ಮೇಲೆ ಬೆರಳುಗಳನ್ನು ಸರಿಸಿದರು. ಕೇಳಿಬಂದದ್ದು ಯುಗಾದಿಯ ದಿನ ಅತಿಥಿ ಗುನುಗಿದ್ದ ರಾಗ.

ನಾನು ಸಭಾಂಗಣದ ಉದ್ದಕ್ಕೂ ನಡೆದು ವೇದಿಕೆ ಹತ್ತಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೈಕಿಗೆ ಕೈ ಅಡ್ಡ ಹಿಡಿದು, "ಅದಲ್ಲ. ನಮ್ಮ ಕಡೆ ಹೀಗೆ ಕೂಗಿದರೆ, ಈಗ ಹಾಡಿದ್ದನ್ನೇ ಮತ್ತೊಮ್ಮೆ ಹಾಡಿ ಎಂದು ಅರ್ಥ," ಎಂದೆ.

"ನನ್ನ ಹಾಡನ್ನೇ?"

"ನಿಮ್ಮದನ್ನೇ."

ಅವರು ಮುಂದಿನ ಸಾಲಿನತ್ತ ನೋಡಿದರು. "ಯಾಕಮ್ಮ ನಿಲ್ಸಿದೆ? ಹಾಡ್ಲಿ, ಹಾಡ್ಲಿ," ಎಂದರು ಅಜ್ಜ, ಶಾಲು ಸರಿಮಾಡಿಕೊಂಡು ಮತ್ತೆ ಕೂರುತ್ತ.

"ಮೊದಲ ಸಲ ಎರಡನೇ ಚರಣದಲ್ಲಿ ಅವಸರ ಮಾಡಿದೆ," ಎಂದು ನನಗಷ್ಟೇ ಕೇಳುವಂತೆ ಹೇಳಿ, ತಂತಿಗಳನ್ನು ತುಸು ಸಡಿಲಿಸಿ ಶ್ರುತಿ ಇಳಿಸಿದರು. "ಈ ಸಲ ನಿಧಾನವಾಗಿ ಹಾಡುತ್ತೇನೆ."