ವಸಂತಳ ಕೋಷ್ಟಕ

ನಿವೃತ್ತಿಗೆ ಎರಡು ವರ್ಷವಿದ್ದಾಗ ಪೀಣ್ಯದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನನ್ನನ್ನು ಪ್ರಯೋಗಾಲಯದಿಂದ ದಾಖಲೆ ವಿಭಾಗಕ್ಕೆ ಎತ್ತಿಹಾಕಿದರು. ನಮ್ಮ ಕ್ಷೇತ್ರ ಗ್ರೈಂಡಿಂಗ್ ಬರ್ನ್, ಅಂದರೆ ಗ್ರೈಂಡಿಂಗ್ ಚಕ್ರದಡಿ ಉಕ್ಕು ಅತಿಯಾಗಿ ಕಾದು ಸುಟ್ಟುಹೋಗುವುದು. ಆ ಕುರಿತ ಅಪ್ರಕಟಿತ ಥೀಸಿಸ್‌ಗಳನ್ನು ಸ್ಕ್ಯಾನ್ ಮಾಡಿಸಿ, ಪರಿಶೀಲಿಸಿ, ಸಹಿ ಹಾಕಿ ವೆಬ್‌ಸೈಟಿಗೆ ಏರಿಸಬೇಕಿತ್ತು.

ಅದರಲ್ಲಿ ನನ್ನದೂ ಇತ್ತು, ನನ್ನ ಜೊತೆಗೇ ಸಂಶೋಧನೆ ಮಾಡಿದ ವಸಂತಳದೂ ಇತ್ತು. ಒಬ್ಬರೇ ಗೈಡ್, ಒಂದೇ ಯಂತ್ರ. ನಾನು ಆರು ಬಗೆಯ ಉಕ್ಕು ಪರೀಕ್ಷಿಸಿ ಸುಸ್ತಾದೆ. ಅವಳು ಇಪ್ಪತ್ತೆರಡು ಮುಗಿಸಿದಳು. ಗೈಡ್ ನನ್ನೆದುರೇ ಅವಳನ್ನು ಹೊಗಳಿದ್ದು ಮೂವತ್ತು ವರ್ಷವಾದರೂ ಒಳಗೆ ಉರಿಯುತ್ತಿತ್ತು. ಮುಚ್ಚಿಡುವುದೇಕೆ, ಶುದ್ಧ ಹೊಟ್ಟೆಕಿಚ್ಚು.

ಅವಳ ಥೀಸಿಸ್‌ನ ಕೊನೆಯಲ್ಲಿ ನಾಲ್ಕು ಮಡಿಕೆಯ ದೊಡ್ಡ ಕೋಷ್ಟಕವಿತ್ತು. ಸ್ಕ್ಯಾನ್ ಮಾಡಿದವರು ಅದನ್ನು ಬಿಚ್ಚಿರಲೇ ಇಲ್ಲ. ಪರದೆಯ ಮೇಲೆ ಶೀರ್ಷಿಕೆಯಷ್ಟೇ ಕಾಣುತ್ತಿತ್ತು. ನೋಡಿದೆ. ‘ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ. ನನ್ನ ಥೀಸಿಸ್ಸನ್ನು ಮಾತ್ರ ಎರಡು ಸಲ ಸ್ಕ್ಯಾನ್ ಮಾಡಿಸಿದೆ.

ಕೆಲವು ತಿಂಗಳ ನಂತರ ನಾಗಸಂದ್ರದಲ್ಲಿ ಸಣ್ಣ ಗ್ರೈಂಡಿಂಗ್ ವರ್ಕ್‌ಶಾಪ್ ನಡೆಸುವ ಮಂಜುಳಾ ಒಂದು ಶಾಫ್ಟ್ ಹಿಡಿದು ಬಂದರು. ಅದರ ಮೈಮೇಲೆ, ಉಕ್ಕು ಸುಟ್ಟಾಗ ಬೀಳುವ ಕೂದಲೆಳೆಯಂಥ ಬಿರುಕುಗಳು.

“ಸಾರ್, ನಿಮ್ಮ ಥೀಸಿಸ್ ಓದ್ದೆ, ಈ ಸ್ಟೀಲ್ ಅದ್ರಲ್ಲಿಲ್ಲ. ವಸಂತಾ ಮೇಡಂದ್ರಲ್ಲಿ ಇದೆ ಅಂತ ಬರ್ದಿದೆ, ಆದ್ರೆ ಟೇಬಲ್ಲೇ ಕಾಣ್ತಿಲ್ಲ. ಎರಡು ಲಾಟ್ ವಾಪಸ್ ಬಂತು. ಮೂರನೇದೂ ರಿಜೆಕ್ಟ್ ಆದ್ರೆ ವರ್ಕ್‌ಶಾಪ್ ಮುಚ್ಬೇಕು. ಎಂಟು ಜನ ನನ್ನ ನಂಬ್ಕೊಂಡಿದಾರೆ.”

ಮೂಲಪ್ರತಿ ಹಿಂದಿನ ಕಪಾಟಿನಲ್ಲೇ ಇತ್ತು. ಆಗಲೂ ‘ಹುಡುಕಿಸ್ತೀನಿ, ಮುಂದಿನ ವಾರ ಬನ್ನಿ’ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆಕೆ ಹೆಬ್ಬೆರಳಿನಿಂದ ಬಿರುಕನ್ನೇ ಸವರುತ್ತ ನಿಂತಿದ್ದರು. ನನಗೆ ನಾಚಿಕೆಯಾಯಿತು. ಥೀಸಿಸ್ ತಂದು ಕೋಷ್ಟಕವನ್ನು ಮೇಜಿನ ತುಂಬ ಹರಡಿದೆ. ಹದಿನೇಳನೇ ಸಾಲಿನಲ್ಲಿ ಅವರ ಉಕ್ಕು ಇತ್ತು: ಚಕ್ರದ ವೇಗ, ತಣಿಸಲು ಕೂಲೆಂಟ್ ಎಷ್ಟು ಬಿಡಬೇಕು, ಎಲ್ಲವೂ.

ಅಂದೇ ಅದನ್ನು ನಾನೇ ಸ್ಕ್ಯಾನ್ ಮಾಡಿ ಏರಿಸಿದೆ. ಮೂರನೇ ಲಾಟ್ ಪಾಸಾಯಿತೆಂದು ತಿಳಿದ ದಿನ, ತಪ್ಪೊಪ್ಪಿಕೊಳ್ಳಲೆಂದು ವಸಂತಳಿಗೆ ಫೋನ್ ಮಾಡಿದೆ. ಮೊದಲು ಮಂಜುಳಾ ಅವರ ವಿಷಯ ಹೇಳಿದೆ.

“ನಿಜವಾಗ್ಲೂ ಯಾರೋ ಓದಿದ್ರೇನೋ?” ಅಳುತ್ತಿದ್ದಳು. “ಮೂವತ್ತು ವರ್ಷದಲ್ಲಿ ಇದೇ ಮೊದಲು ಕಣೋ. ನೀನೇ ಹುಡುಕಿ ಕೊಟ್ಯಾ? ನಿನ್ನ ಉಪಕಾರ ಮರೆಯಲ್ಲ.”

“ಇರಲಿ ಬಿಡು” ಅಂದುಬಿಟ್ಟೆ.

ಹೊಟ್ಟೆಕಿಚ್ಚಿನವನು ಪರಿಶೀಲನೆಗೆ ಕೂರಬಾರದು. ಕೂತರೆ ತನ್ನದನ್ನಲ್ಲ, ಎದುರಾಳಿಯದನ್ನು ಎರಡು ಸಲ ನೋಡಬೇಕು. ಉದ್ಯೋಗ ನನಗೆ ಕಲಿಸಿದ್ದು ಇಷ್ಟು. ವಸಂತಾ, ಅವತ್ತು ಫೋನಿನಲ್ಲಿ ನಿನಗೆ ಹೇಳದೆ ಉಳಿಸಿಕೊಂಡದ್ದು, ಆ ಮಡಿಕೆ ಬಿಚ್ಚಿಸದೆ ಸಹಿ ಹಾಕಿದ್ದನ್ನೇ.