ಕೂಡಿಕೊಳ್ಳದ ಮೂರು ಮೂಲೆ ಹೊಲ

ನಾನು ಚಿಕ್ಕವನಿದ್ದಾಗ, ಅಂದರೆ ನಿಮಗಿಂತ ಮೋಟಾಗಿ, ನಿಮಗಿಂತ ತಂಟೆಕೋರನಾಗಿ ಇದ್ದಾಗ, ನಮ್ಮಪ್ಪನಷ್ಟು ಅನುಮಾನದ ಮನುಷ್ಯ ಪಾಂಡವಪುರ ಸೀಮೆಯಲ್ಲೇ ಇರಲಿಲ್ಲ. ಅವ್ವ ಹಾಲು ಕೊಟ್ಟರೆ ಮೂಸಿ ನೋಡದೆ ಕುಡಿಯುತ್ತಿರಲಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬಂದುಬಿಟ್ಟರೆ, ಇದು ನಮ್ಮೂರಿನದ್ದೇ ಹೌದೋ ಅಲ್ಲವೋ ಅಂತ ಹತ್ತಲು ಹಿಂದೆ ಮುಂದೆ ನೋಡುತ್ತಿದ್ದರು. ಒಂದು ದಿನ ಆ ಅನುಮಾನ ಚಿಕ್ಕಪ್ಪನ ಮೇಲೆ ತಿರುಗಿತು.

ಕ್ಯಾತನಹಳ್ಳಿಯಲ್ಲಿ ನಾಲೆ ಪಕ್ಕ ನಮ್ಮ ಹೊಲ. ಅದಕ್ಕೆ ಅಂಟಿಕೊಂಡೇ ಚಿಕ್ಕಪ್ಪನ ಪಾಲಿಗೆ ಬಂದ ಸಣ್ಣದೊಂದು ಮೂರು ಮೂಲೆ ತುಂಡು. ಅದರ ಒಂದು ಬದಿಗೆ ನಾಲೆ, ಇನ್ನೊಂದು ಬದಿಗೆ ಗಾಡಿ ದಾರಿ, ಮೂರನೆಯದು ನಮಗೂ ಅವರಿಗೂ ನಡುವಿನ ಬದು. ಮೂಲೆಗೊಂದು ಗಡಿಕಲ್ಲು. ಮಳೆ ನಿಂತ ಮೇಲೆ ಅಪ್ಪ ಹೋಗಿ ನೋಡಿದರೆ ಬದುವಿನ ತುದಿಯ ಕಲ್ಲು ಕೊಂಚ ವಾಲಿತ್ತು, ಬುಡದಲ್ಲಿ ಹಸಿ ಮಣ್ಣಿತ್ತು. ಅಪ್ಪನಿಗೆ ಅಷ್ಟು ಸಾಕಾಯಿತು.

"ಕಲ್ಲು ಸರಿಸವ್ನೆ ಕಣ್ಲಾ ನಿನ್ ಚಿಕ್ಕಪ್ಪ! ನಮ್ ಒಲದೊಳಕ್ಕೇ ಬಂದ್ಬುಟ್ಟವ್ನೆ. ಇವತ್ತು ಅಳದೇ ಬುಡ್ತೀನಿ" ಅಂದರು.

ಟೇಪು ಗೀಪು ನಮ್ಮ ಹತ್ತಿರ ಎಲ್ಲಿತ್ತು? ಕಬ್ಬಿನ ಜಲ್ಲೆಯೇ ನಮ್ಮ ಅಳತೆಗೋಲು. ಅಪ್ಪನ ತಲೆಯ ಮೇಲೆ ಒಂದು ಗೇಣು ಬಿಟ್ಟು ಜಲ್ಲೆ ಕಡಿಯಬೇಕು, ಗರಿ ಸವರಬೇಕು, ಅದನ್ನು ನೆಲಕ್ಕೆ ಮಲಗಿಸುತ್ತಾ ಹೋಗಬೇಕು. ಪಾಲಾದಾಗಲೂ ಹಾಗೆಯೇ ಅಳೆದಿದ್ದರು. ನಾನು ಜಲ್ಲೆಯ ತುದಿಗೆ ಗೀಟು ಎಳೆಯುತ್ತಾ ಹೋದೆ. ನಾಲೆ ಬದಿ ಒಂಬತ್ತು ಜಲ್ಲೆ ಬಂತು, ದಾರಿ ಬದಿ ಹನ್ನೊಂದು. ಅಷ್ಟರಲ್ಲಿ ಬಿಸಿಲು ನೆತ್ತಿಗೇರಿತು. ಹೊಂಗೆ ಮರದ ಕೆಳಗೆ ಕೂತು ಕಬ್ಬು ಜಗಿದೆವು. ಕೈಯೆಲ್ಲ ಅಂಟು, ಕಾಲಿಗೆ ಕೆಸರಿನ ತಂಪು, ಬಾಯಲ್ಲಿ ತಣ್ಣನೆಯ ಸಿಹಿ. ಅಪ್ಪನಿಗೆ ಮಾತ್ರ ಬಾಯಲ್ಲಿ ಏನಿದೆ ಅನ್ನುವುದೇ ಗೊತ್ತಿರಲಿಲ್ಲ. ಅವರ ಕಣ್ಣೆಲ್ಲ ಆ ಕಲ್ಲಿನ ಮೇಲೆಯೇ ಇತ್ತು.

ಆಮೇಲೆ ಬದು ಅಳೆದೆವು. ಇಪ್ಪತ್ತೆರಡು! ಪಾಲಾದ ದಿನ ಅದು ಹದಿನೆಂಟೇ ಇತ್ತು.

ಮನೆಗೆ ಬಂದವರೇ ಅಪ್ಪ ಕೂಗಾಡಿದರು. "ನಾಳೆ ಆ ಕಲ್ಲ ಕಿತ್ತು ನಾಲೆಗೆ ಬಿಸಾಕ್ತೀನಿ. ಇನ್ಮೇಕೆ ಆ ಮನೆ ಬಾಕ್ಲ ಯಾರೂ ತುಳೀಕೂಡ್ದು!" ನನಗೆ ಅಳುವೇ ಬಂದುಬಿಟ್ಟಿತು. ಚಿಕ್ಕಪ್ಪನ ಮಗ ನನ್ನ ಜೊತೆಗಾರ. ಚಿಕ್ಕಪ್ಪನ ಹೆಗಲೇರಿ ಊರೆಲ್ಲ ಸುತ್ತಿದವನು ನಾನು. ಹಾಗೆ ಮಾತು ಬಿಟ್ಟ ಮನೆಗಳು ನಮ್ಮೂರಲ್ಲಿದ್ದವು, ಅವು ಮತ್ತೆ ಕೂಡಿದ್ದನ್ನು ನಾನು ಕಂಡಿರಲಿಲ್ಲ.

ಅಕ್ಕ ಆಗ ಪಾಂಡವಪುರದ ಹೈಸ್ಕೂಲಿಗೆ ಹೋಗುತ್ತಿದ್ದಳು. ಮೂರು ಲೆಕ್ಕವನ್ನೂ ಕೇಳಿ ಹುಬ್ಬು ಗಂಟಿಕ್ಕಿದಳು. ಪೊರಕೆಯಿಂದ ಮೂರು ಕಡ್ಡಿ ಕಿತ್ತು, ಒಂದನ್ನು ಒಂಬತ್ತು ಬೆರಳಿನಷ್ಟು, ಒಂದನ್ನು ಹನ್ನೊಂದು, ಒಂದನ್ನು ಇಪ್ಪತ್ತೆರಡು ಬೆರಳಿನಷ್ಟು ಮುರಿದಳು. ಉದ್ದದ್ದನ್ನು ಜಗಲಿಯ ಮೇಲೆ ಇಟ್ಟು, ಅದರ ಎರಡು ತುದಿಗೂ ಚಿಕ್ಕವನ್ನು ಹೂಡಿದಳು. ಎಷ್ಟು ಬಗ್ಗಿಸಿ ಮಲಗಿಸಿದರೂ ಚಿಕ್ಕವುಗಳ ತುದಿ ಒಂದಕ್ಕೊಂದು ಮುಟ್ಟಲಿಲ್ಲ.

"ನಿನ್ ಕಡ್ಡೀಲೇ ಏನೋ ಮಸಲತ್ತೈತೆ" ಅಂತ ಅಪ್ಪ ಕಡ್ಡಿಗಳನ್ನು ತಾವೇ ಅಳೆದರು, ತಾವೇ ಜೋಡಿಸಿದರು. ಮುಟ್ಟಲಿಲ್ಲ.

"ಎರಡು ಚಿಕ್ಕವು ಸೇರಿ ದೊಡ್ಡದುಕ್ಕಿಂತ ಜಾಸ್ತಿ ಇದ್ರೇನೇ ಮೂರು ಮೂಲೆ ಕೂಡೋದು ಕಣಪ್ಪ. ಒಂಬತ್ತೂ ಅನ್ನೊಂದೂ ಸೇರುದ್ರೆ ಇಪ್ಪತ್ತೇಯ. ಚಿಕ್ಕಪ್ಪ ಕಲ್ಲ ಎಲ್ಲಿಗೊಯ್ದು ನೆಟ್ರೂ ಇಂಥ ಒಲ ಆಗಾಕಿಲ್ಲ. ಕದಿಯಾಕೂ ಒಂದು ಒಲ ಅಂತ ಇರ್ಬೇಕಲ್ಲಪ್ಪಾ!" ಅಂದಳು ಅಕ್ಕ.

ಈಗ ಅಪ್ಪನ ಕಣ್ಣು ನನ್ನ ಕಡೆ ಹೊರಳಿತು. "ಅಂಗಾರೆ ಇವ್ನೇ ಗೀಟ ತಪ್ಪೆಳ್ದವ್ನೆ!"

ಅಯ್ಯೋ ದೇವರೇ! ನನಗೂ ರೋಷ ಬಂತು. ಗೋಡೆಗೆ ಒರಗಿಸಿದ್ದ ಜಲ್ಲೆಯನ್ನು ತಂದು ಅಪ್ಪನ ಪಕ್ಕದಲ್ಲೇ ನಿಲ್ಲಿಸಿದೆ. ತಲೆಯ ಮೇಲಕ್ಕೆ ಒಂದು ಗೇಣು ಇರಬೇಕಾದದ್ದು ಅಪ್ಪನ ಮೂಗಿಗೆ ಬಂದು ನಿಂತಿತ್ತು. ಅದರ ಒಂದು ತುದಿ ಕುಡುಗೋಲಿನಿಂದ ಕಡಿದದ್ದು. ಇನ್ನೊಂದು ತುದಿ ನಾರು ನಾರಾಗಿತ್ತು, ಅದರ ಮೇಲೆ ಹಲ್ಲಿನ ಗುರುತು. ಕಲ್ಲನ್ನೇ ದಿಟ್ಟಿಸುತ್ತಾ ಕೂತಿದ್ದ ಅಪ್ಪ, ಅಳತೆಗೋಲನ್ನೇ ಮುರಿದು ತಿಂದಿದ್ದರು! ಗೋಲು ಮೋಟಾದರೆ ಎಣಿಕೆ ಏರದೆ ಇರುತ್ತದೆಯೇ?

"ಸಿಕ್ಕುದ್ನಲ್ಲ ಬುಡಿ ಕಳ್ಳ" ಅಂತ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಸಂಜೆ ಹೊಸ ಜಲ್ಲೆ ಕಡಿದು ಬದು ಅಳೆದೆವು. ಹದಿನೆಂಟೇ. ಮಳೆಗೆ ವಾಲಿದ್ದ ಕಲ್ಲು ಬೀಳದಿರಲಿ ಅಂತ ಬುಡಕ್ಕೆ ಮಣ್ಣು ಕೊಟ್ಟವರು ಚಿಕ್ಕಪ್ಪನೇ ಅಂತೆ. ಅಪ್ಪ ಅವತ್ತು ಚಿಕ್ಕಪ್ಪನ ಮನೆಯಲ್ಲೇ ಮುದ್ದೆ ಉಂಡು, ಕೊಟ್ಟ ಮಜ್ಜಿಗೆಯನ್ನು ಮೂಸದೆ ಕುಡಿದರು. ನನಗಾದ ಖುಷಿ ಅಷ್ಟಿಷ್ಟಲ್ಲ.

ಈಗ ನೀವು ಹೊಲದ ಸುತ್ತ ಫೋನು ಹಿಡಿದು ಒಂದು ಸುತ್ತು ಬಂದರೆ ಅದೇ ಅಳತೆ ಹೇಳಿಬಿಡುತ್ತದೆ. ಮೂರು ಉದ್ದ ಕೊಟ್ಟರೆ ತ್ರಿಕೋನ ಆಗುತ್ತದೋ ಇಲ್ಲವೋ ಅಂತ ಬಾಯಲ್ಲೇ ಹೇಳುತ್ತೀರಿ. ಭೇಷ್! ಆದರೆ ನಿನ್ನೆ ಚಾರ್ಜರು ಕಾಣದಾದಾಗ, ಮಂಚದ ಕೆಳಗೆ ಬಗ್ಗಿ ನೋಡುವ ಮೊದಲೇ "ಇವನೇ ತಗೊಂಡಿರೋದು" ಅಂತ ಪಕ್ಕದವನ ಕಡೆ ಬೆರಳು ತೋರಿಸಿದಿರಿ. ಆ ಪಕ್ಕದವನು ಯಾರು ಗೊತ್ತೇನ್ರೋ? ಚಿಕ್ಕಪ್ಪನ ಮರಿಮಗ. ಅಪ್ಪ ಅವತ್ತು ಆ ಕಲ್ಲು ಕಿತ್ತು ಬಿಸಾಡಿದ್ದರೆ, ಇವನ ಹೆಸರೂ ನಿಮಗೆ ಗೊತ್ತಿರುತ್ತಿರಲಿಲ್ಲ.