ಡೈರಿಯಲ್ಲಿ ನೀರು ಕುಡಿದ ಬಸಳೆ

ಕ್ಲಬ್ಬಿನ ಬೋರ್ಡಿನ ಮುಂದೆ ನಿಂತು ಇದನ್ನು ಓದುತ್ತಿರುವ ಗೆಳೆಯರೇ, ನನ್ನ ಬಸಳೆ ಇಂದು ಒಣಗಿಹೋಯಿತು. ದಾಖಲೆಯ ಪ್ರಕಾರ ಮಾತ್ರ ಅದು ಸೊಂಪಾಗಿದೆ.

ನಿವೃತ್ತಿಗೆ ಇನ್ನೆರಡೇ ತಿಂಗಳು ಎಂದು ಈ ಗಲ್ಫ್ ಪಟ್ಟಣದ ಹೂರಾ ಬಡಾವಣೆಯ ಫ್ಲ್ಯಾಟ್ ಬಿಟ್ಟು ಬುದೈಯಾದ ಹಳ್ಳಿಮನೆಗೆ ಬಂದವನು ನಾನು. ಅಂಗಳದಲ್ಲಿ ಬಸಳೆ ನೆಟ್ಟೆ, ತೋಟದ ಡೈರಿ ಬರೆಯಲು ಶುರುಮಾಡಿದೆ. ಹಡಗು ಕಂಪನಿಯ ಆಫೀಸಿನಲ್ಲಿ, ಸಂಜೆ ಬರುವ ಹಡಗು 'ತಲುಪಿತು' ಎಂದು ಬೆಳಿಗ್ಗೆಯೇ ಟೆಲೆಕ್ಸ್ ಸಂದೇಶ ಟೈಪ್ ಮಾಡಿಟ್ಟ ಕೈ ನನ್ನದು. ಅದೇ ಅಭ್ಯಾಸದಲ್ಲಿ ಇಡೀ ವಾರದ ಡೈರಿಯನ್ನು ಶನಿವಾರವೇ ಬರೆದು ಮುಗಿಸಿದೆ: 'ಸಂಜೆ ಐದಕ್ಕೆ ನೀರು ಹಾಕಲಾಯಿತು. ಗಿಡ ಸೊಂಪಾಗಿದೆ.' ಬರೆದಾದ ಮೇಲೆ ನೀರು ಹಾಕುವುದು ಮರೆತೇಹೋಯಿತು. ಹಡಗುಗಳು ಹೇಗೋ ಬಂದು ನನ್ನ ಮಾನ ಉಳಿಸುತ್ತಿದ್ದವು, ಬಸಳೆ ಉಳಿಸಲಿಲ್ಲ.

ಪಕ್ಕದ ಖರ್ಜೂರದ ತೋಟದ ಅಬು ಹಸನ್ ಇಂದು ಬೆಳಿಗ್ಗೆ ಬೇಲಿಯಾಚೆಯಿಂದ ಕೂಗಿದರು: "ಸದೀಕ್, ಪಾನಿ ಮಾಫಿ!" ನೀರೇ ಇಲ್ಲವಲ್ಲ ದೋಸ್ತ, ಎಂದು. ನಾನು ಡೈರಿ ತೋರಿಸಿದೆ. ಅವರು ಗಿಡ ತೋರಿಸಿದರು.

ಒಳಗೆ ನನ್ನ ಹೆಂಡತಿ ಲಿಲ್ಲಿ ಒಣಸಿಗಡಿ ಹುರಿದು, ಕಾಯಿ ಅರೆದು, ಬಸಳೆಗೆ ಕಾಯುತ್ತಿದ್ದಳು. ಮಧ್ಯಾಹ್ನ ಬಟ್ಟಲಿಗೆ ಬರೀ ಅನ್ನ ಬಡಿಸಿ, ಪಕ್ಕದಲ್ಲಿ ಡೈರಿ ಬಿಡಿಸಿಟ್ಟಳು.

"ಇದನ್ನೇ ಕಲಸಿ ಊಟ ಮಾಡಿ ಮಾರಾಯ್ರೆ. ಇದರಲ್ಲಿ ಬಸಳೆ ಭಾರೀ ಲಾಯ್ಕ ಬಂದಿದೆ."

ಬರೀ ಅನ್ನ ಉಂಡು ಎದ್ದೆ. ನಾಳೆಯ ಪುಟವನ್ನು ಈಗಷ್ಟೇ ತಿದ್ದಿ ಬರೆದಿಟ್ಟಿದ್ದೇನೆ: 'ಬಸಳೆ ಚಿಗುರಿದೆ. ಲಿಲ್ಲಿಯ ಕೋಪ ಇಳಿದಿದೆ.'